ಎರಡು ಕಟ್ಟಿಗೊಮ್ಮೆ ಏಳಿ: ಗಡಿನಾಡಿನ ಪಂಚಾಯತುಗಳಿಗೊಂದು ಬಹಿರಂಗ ಪತ್ರ

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತು ಅಧ್ಯಕ್ಷರಿಗೆ, ವಾರ್ಡು ಸದಸ್ಯರಿಗೆ, ಶಾಲಾ ಮುಖ್ಯೋಪಾಧ್ಯಾಯರಿಗೆ, ರಕ್ಷಕ ಶಿಕ್ಷಕ ಸಂಘಗಳಿಗೆ, ಕುಟುಂಬಶ್ರೀ ಘಟಕಗಳಿಗೆ ಮತ್ತು ಈ ಊರುಗಳ ಎಲ್ಲ ಮನೆಯವರಿಗೆ,

ನಮಸ್ಕಾರ.

ಬೆಳಗ್ಗೆ ಎದ್ದರೆ ಕೊಟ್ಟಿಗೆ, ಅಡಿಗೆಮನೆ, ತೋಟ ಎಂದು ಓಡಾಡುತ್ತಿದ್ದ ನಾಡು ನಮ್ಮದು. ಕೂತು ಕೂತು ಬರುವ ಕಾಯಿಲೆ ಏನಿದ್ದರೂ ಪೇಟೆಯವರದ್ದು ಎಂಬ ನಂಬಿಕೆ ಇಲ್ಲಿ ಇನ್ನೂ ಗಟ್ಟಿಯಾಗಿದೆ. ಆ ನಂಬಿಕೆ ಈಗ ನಿಜವಲ್ಲ. ಪಂಪು ಬಂದ ಮೇಲೆ ನೀರು ಸೇದುವುದು ನಿಂತಿತು. ಮಿಕ್ಸಿ ಬಂದು ಕಡೆಯುವ ಕಲ್ಲು ಮೂಲೆಗೆ ಸರಿಯಿತು. ಅಂಗಳದವರೆಗೆ ರಸ್ತೆ ಬಂದು ಗುಡ್ಡೆ ಹತ್ತಿ ಇಳಿಯುವ ಕೆಲಸ ತಪ್ಪಿತು, ಶಾಲೆಯ ಬಸ್ಸು ಮನೆಯ ಬುಡಕ್ಕೇ ಬಂತು. ಇವೆಲ್ಲ ಬೇಕಾಗಿದ್ದವೇ, ಯಾವುದನ್ನೂ ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಹೋದ ನಡಿಗೆಯ ಜಾಗಕ್ಕೆ ಬೇರೆ ನಡಿಗೆ ಬರಲಿಲ್ಲ, ಕುರ್ಚಿ ಬಂತು.

ಇದು ಸೋಮಾರಿತನದ ಮಾತಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ದಿನಕ್ಕೆ ಎಂಟು ಗಂಟೆ ತೊಡೆಯ ಮೇಲೆ ಮೊರ ಇಟ್ಟು ಬೀಡಿ ಕಟ್ಟುವ ಅಕ್ಕನನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬಾರದು. ಆದರೂ ಅವರ ಬೆರಳುಗಳು ದುಡಿಯುವಷ್ಟು ಹೊತ್ತೂ ತೊಡೆ, ಪೃಷ್ಠ, ಮೀನಖಂಡಗಳು ಕೆಲಸವಿಲ್ಲದೆ ಬಿದ್ದಿರುತ್ತವೆ. ದುಡಿದು ಕೂತದ್ದೋ ಸುಮ್ಮನೆ ಕೂತದ್ದೋ ಎಂದು ರಕ್ತನಾಳ ವಿಚಾರಿಸುವುದಿಲ್ಲ. ಎಚ್ಚರವಿರುವಾಗ ಕೂತು, ಒರಗಿ ಅಥವಾ ಮಲಗಿ, ಸುಮ್ಮನಿದ್ದಾಗ ಖರ್ಚಾಗುವ ಶಕ್ತಿಯ ಒಂದೂವರೆ ಪಾಲಿಗಿಂತ ಹೆಚ್ಚು ಖರ್ಚಾಗದ ಹೊತ್ತನ್ನೆಲ್ಲ ವೈದ್ಯಶಾಸ್ತ್ರ ಕೂತ ಹೊತ್ತು ಎಂಬ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ನಿದ್ದೆ ಮಾತ್ರ ಆ ಲೆಕ್ಕದಿಂದ ಹೊರಗೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಕ್ಕರೆ ಕಾಯಿಲೆಯ ಬಗ್ಗೆ ನಡೆಸಿ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ 25.5 ಶೇಕಡಾ ಮಂದಿಗೆ ಸಕ್ಕರೆ ಕಾಯಿಲೆ ಇದೆ. ದೇಶದಲ್ಲಿ ಇದಕ್ಕಿಂತ ಹೆಚ್ಚಿರುವುದು ಗೋವಾ ಮತ್ತು ಪುದುಚೇರಿಗಳಲ್ಲಿ ಮಾತ್ರ. ಮೈಗೆ ಬೇಕಾದಷ್ಟು ಚಟುವಟಿಕೆ ಇಲ್ಲದ ಭಾರತೀಯ ವಯಸ್ಕರು 2022ರಲ್ಲಿ ಸುಮಾರು ಅರ್ಧದಷ್ಟು. ಹೆಂಗಸರಲ್ಲಿ 57 ಶೇಕಡಾ, ಗಂಡಸರಲ್ಲಿ 42 ಶೇಕಡಾ. "ಹೆಂಗಸರಿಗೆ ಮನೆಕೆಲಸವೇ ವ್ಯಾಯಾಮ" ಎನ್ನುವ ಮನೆಗಳು ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು.

ಕೂತಾಗ ಒಳಗೆ ಆಗುವುದೇನು? ಮೈಯ ಅತಿ ದೊಡ್ಡ ಸ್ನಾಯುಗಳು ಸೊಂಟದಿಂದ ಕೆಳಗಿವೆ. ಅವು ಕುಗ್ಗಿ ಹಿಗ್ಗುವಾಗ ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನಿನ ಸಹಾಯಕ್ಕೆ ಕಾಯದೆ ತಾವೇ ಎಳೆದುಕೊಳ್ಳುತ್ತವೆ. ಸುಮ್ಮನಾದರೆ ಆ ದಾರಿ ಮುಚ್ಚುತ್ತದೆ, ಪೂರ್ತಿ ಹೊರೆ ಇನ್ಸುಲಿನಿನ ಮೇಲೆ ಬೀಳುತ್ತದೆ. ರಕ್ತದಲ್ಲಿನ ಕೊಬ್ಬನ್ನು ಒಡೆದು ಸ್ನಾಯುವಿಗೆ ಕೊಡುವ ಕಿಣ್ವವೊಂದು ಸ್ನಾಯುವಿನ ರಕ್ತನಾಳಗಳಲ್ಲಿದೆ. ಕಾಲು ಕೆಲಸ ಮಾಡದಿದ್ದಾಗ ಅದರ ಚುರುಕೂ ಇಳಿಯುತ್ತದೆ. ಇನ್ನು ಮೀನಖಂಡ. ಪಾದದಿಂದ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಅದೇ. ಪಂಪು ನಿಂತರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಸಂಜೆಗೆ ಪಾದ ಊದುತ್ತದೆ, ಮೂರು ಗಂಟೆ ಬಿಡದೆ ಕೂತರೆ ಕಾಲಿನ ರಕ್ತನಾಳಗಳ ಹಿಗ್ಗುವ ಶಕ್ತಿ ಅಳತೆಗೆ ಸಿಗುವಷ್ಟು ಕುಗ್ಗುತ್ತದೆ. ಗಂಟೆಗೊಮ್ಮೆ ಐದು ನಿಮಿಷ ಮೆಲ್ಲ ನಡೆದವರಲ್ಲಿ ಹಾಗೆ ಕುಗ್ಗಲಿಲ್ಲ.

ಬಸ್ಸಿನ ಚಾಲಕ ಮತ್ತು ಕಂಡಕ್ಟರನ್ನು ನೋಡಿ. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಊಟ. 1953ರಲ್ಲಿ ಲಂಡನ್ನಿನಲ್ಲಿ ಡಾ. ಜೆರೆಮಿ ಮೋರಿಸ್ ಮತ್ತು ಜೊತೆಗಾರರು ಸಾವಿರಾರು ಸಾರಿಗೆ ನೌಕರರನ್ನು ಹೋಲಿಸಿದಾಗ, ಮಹಡಿ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರರಿಗಿಂತ ಸೀಟಿನಲ್ಲೇ ಕೂರುತ್ತಿದ್ದ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಕೂತಿರುವುದಕ್ಕೂ ಹೃದಯಕ್ಕೂ ಇರುವ ನಂಟಿನ ಬಗ್ಗೆ ಜಗತ್ತು ಗಂಭೀರವಾಗಿ ಯೋಚಿಸತೊಡಗಿದ್ದು ಅಲ್ಲಿಂದ.

"ನಾನು ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಹೋಗುತ್ತೇನಲ್ಲ" ಎನ್ನುವವರಿಗೆ ಒಂದು ಮಾತು. ಹೋಗುವುದು ಒಳ್ಳೆಯದು, ಬಿಡಬೇಡಿ. ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ಅಧ್ಯಯನದಲ್ಲಿ, ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರ ಸಾವಿನ ಅಪಾಯ ಸರಿಹೋಗಲು ದಿನಾ 60ರಿಂದ 75 ನಿಮಿಷ ಬಿರುಸಿನ ನಡಿಗೆಯಷ್ಟು ಚಟುವಟಿಕೆ ಬೇಕಾಯಿತು. ದಿನಕ್ಕೆ 5 ಗಂಟೆಗೂ ಮೇಲೆ ಟಿ.ವಿ. ನೋಡುವವರಲ್ಲಿ ಅಷ್ಟು ಚಟುವಟಿಕೆಯೂ ಅಪಾಯವನ್ನು ತಗ್ಗಿಸಿತೇ ಹೊರತು ಪೂರ್ತಿ ಅಳಿಸಲಿಲ್ಲ. ಅಷ್ಟು ಬಿಡುವು ದುಡಿಯುವವರಿಗೆ ಎಲ್ಲಿದೆ? ಹಾಗಾಗಿ ಕೂತ ಹೊತ್ತನ್ನೇ ತುಂಡು ತುಂಡು ಮಾಡಬೇಕು. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 20 ನಿಮಿಷಕ್ಕೊಮ್ಮೆ 2 ನಿಮಿಷ ಮೆಲ್ಲ ನಡೆಸಿದಾಗ ಉಂಡ ಮೇಲಿನ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ಇಳಿಯಿತು. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಧ ಗಂಟೆಗೊಮ್ಮೆ 5 ನಿಮಿಷ ನಡೆದವರಲ್ಲಿ ಅದು 58 ಶೇಕಡಾ ಇಳಿಯಿತು. ಎರಡೂ ಇಪ್ಪತ್ತು ಮಂದಿಗೂ ಕಡಿಮೆಯವರ ಸಣ್ಣ ಅಧ್ಯಯನಗಳು, ನಿಮ್ಮ ಮನೆಯ ಗ್ಲುಕೋಮೀಟರಿನಲ್ಲಿ ಇದೇ ಅಂಕಿ ಬರಬೇಕೆಂದಿಲ್ಲ. ಆದರೆ ಎರಡೂ ತೋರಿಸಿದ ದಿಕ್ಕು ಒಂದೇ.

ಈಗ ಬೀಡಿಯ ಲೆಕ್ಕಕ್ಕೆ ಬರೋಣ. ದಿನಕ್ಕೆ 800 ಬೀಡಿ, 8 ಗಂಟೆಯ ಕೆಲಸ ಎಂದಿಟ್ಟುಕೊಂಡರೆ ಗಂಟೆಗೆ 100. ಅಂದರೆ 25ರ ಕಟ್ಟು ನಾಲ್ಕು, ಒಂದು ಕಟ್ಟಿಗೆ 15 ನಿಮಿಷ. ಗಡಿಯಾರ ನೋಡುವ ಅಗತ್ಯವೇ ಇಲ್ಲ: ಎರಡು ಕಟ್ಟು ಮುಗಿದ ಕೂಡಲೇ ಏಳಿ. ಎರಡು ನಿಮಿಷ, ಸುಮಾರು 200 ಹೆಜ್ಜೆ, ಅಂಗಳದ ತುದಿಗೆ ಹೋಗಿ ಬನ್ನಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿಯನ್ನು 15 ಸಲ ಎತ್ತಿ ಇಳಿಸಿ. ಎರಡೂ ಭುಜಗಳನ್ನು ಹಿಂದಕ್ಕೆ ಎಳೆದು ಐದು ಎಣಿಸುವಷ್ಟು ಹಿಡಿದು, ದೂರದ ತೆಂಗಿನ ತಲೆಯತ್ತ ಕಣ್ಣು ಹಾಯಿಸಿ ಮತ್ತೆ ಕೂತುಕೊಳ್ಳಿ.

ಸಾವಿರಕ್ಕೆ ಇಷ್ಟು ಎಂದು ಕೂಲಿ ಸಿಗುವವರಿಗೆ ಈ ಎರಡು ನಿಮಿಷಕ್ಕೂ ಬೆಲೆಯಿದೆ. ದಿನಕ್ಕೆ 15 ಸಲ ಎದ್ದರೆ ಅರ್ಧ ಗಂಟೆ, ಅಂದರೆ 50 ಬೀಡಿ ಕಡಿಮೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ. ಉಪಾಯ ಇರುವುದು ಸಾಮಾನು ಇಡುವ ಜಾಗದಲ್ಲಿ. ಎಲೆ, ಹೊಗೆಸೊಪ್ಪು, ನೂಲು, ಕುಡಿಯುವ ನೀರು ಎಲ್ಲವನ್ನೂ ಕೈಗೆಟಕುವಲ್ಲಿ ರಾಶಿ ಹಾಕಿಕೊಂಡು ಕೂತರೆ ಮಧ್ಯಾಹ್ನದವರೆಗೆ ಏಳುವ ಪ್ರಸಂಗವೇ ಬರುವುದಿಲ್ಲ. ಎರಡು ಕಟ್ಟಿಗೆ ಬೇಕಾಗುವಷ್ಟು ಕತ್ತರಿಸಿದ ಎಲೆಯನ್ನು ಮಾತ್ರ ಮೊರದಲ್ಲಿಟ್ಟುಕೊಳ್ಳಿ, ಉಳಿದದ್ದು ಒದ್ದೆ ಬಟ್ಟೆ ಸುತ್ತಿ ಆಚೆ ಕೋಣೆಯಲ್ಲಿರಲಿ. ನೀರಿನ ಚೆಂಬು ಅಡಿಗೆಮನೆಯಲ್ಲಿರಲಿ. ಬಟ್ಟೆ ಒಣಹಾಕುವುದು, ಗಂಜಿಗೆ ನೀರಿಡುವುದು ಮೊದಲಾದ ಹೇಗೂ ಮಾಡಲೇಬೇಕಾದ ಕೆಲಸಗಳನ್ನು ಬೆಳಗ್ಗೆಯೇ ಒಟ್ಟಿಗೆ ಮುಗಿಸದೆ ಈ ಬಿಡುವುಗಳಿಗೆ ಹಂಚಿಕೊಳ್ಳಿ. ಆಗ ಕೂಲಿಯೂ ಅಷ್ಟಾಗಿ ಹೋಗುವುದಿಲ್ಲ, ಕಾಲೂ ಉಳಿಯುತ್ತದೆ.

ಕೂರುವ ರೀತಿಯಲ್ಲೂ ಒಂದು ತಪ್ಪು ಎಲ್ಲೆಡೆ ಇದೆ. ನೆಲದಲ್ಲಿ ಕಾಲು ಚಾಚಿ, ಮೊರ ತೊಡೆಯ ಮೇಲಿಟ್ಟರೆ ಸೊಂಟ ಗೂನಾಗುತ್ತದೆ, ಕುತ್ತಿಗೆ ಬಾಗಲೇಬೇಕಾಗುತ್ತದೆ. ಒಂದು ಗೇಣು ಎತ್ತರದ ಮಣೆಯ ಮೇಲೆ ಕೂತು ಬೆನ್ನನ್ನು ಗೋಡೆಗೆ ತಾಗಿಸಿ, ಮೊರದ ಅಡಿಗೆ ಇನ್ನೊಂದು ಮಣೆ ಅಥವಾ ಮಡಚಿದ ಹೊದಿಕೆ ಕೊಟ್ಟು ಅದನ್ನು ಮೇಲಕ್ಕೆ ತನ್ನಿ. ಚಕ್ಕಳಮಕ್ಕಳ ಹಾಕುವವರು ಪ್ರತಿ ಕಟ್ಟಿಗೂ ಮೇಲಿನ ಕಾಲು ಬದಲಿಸಿ. ಕಾಲು ಜುಮ್ಮೆನ್ನುತ್ತಿರುವಾಗ ಮಾತ್ರ ಧಡಕ್ಕನೆ ಏಳಬೇಡಿ. ಸ್ಪರ್ಶ ಮರಳದ ಪಾದ ಮಡಚಿಕೊಂಡು ಬಿದ್ದು ಮಣಿಗಂಟು ಮುರಿಯಬಹುದು. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಕತ್ತಿಯ ಮುಂದೆ ಕೂರುವವರಿಗೂ ಇದೇ ಮಾತು. ಅಲ್ಲಿ ಲೆಕ್ಕಕ್ಕೆ ಕಟ್ಟಿಲ್ಲ, ಬುಟ್ಟಿ ಇದೆ. ಚಿಕ್ಕ ಬುಟ್ಟಿ ಇಟ್ಟುಕೊಂಡರೆ ಅದು ತುಂಬಿದಾಗಲೆಲ್ಲ ಎದ್ದು ಸುರಿದು ಬರಬೇಕಾಗುತ್ತದೆ.

ಆಟೋ ಚಾಲಕರು ಸ್ಟ್ಯಾಂಡಿನ ಸರದಿಯಲ್ಲಿರುವಾಗ ಸೀಟಿನಲ್ಲಿ ಒರಗದೆ ಹೊರಗೆ ನಿಂತು ಮಾತಾಡಿದರೂ ಸಾಕು, ದಿನಕ್ಕೆ ಒಂದೆರಡು ಗಂಟೆ ತುಂಡಾಗುತ್ತದೆ. ಹೊಲಿಗೆಯವರು ಕತ್ತರಿಸುವ ಕೆಲಸವನ್ನು ಎತ್ತರದ ಮೇಜಿನ ಮೇಲೆ ನಿಂತೇ ಮಾಡಬಹುದು. ಕಚೇರಿಯಲ್ಲಿರುವವರು ಫೋನು ಬಂದಾಗ ನಿಲ್ಲಿ, ದೊಡ್ಡ ಬಾಟಲಿಯ ಬದಲು ಸಣ್ಣ ಲೋಟ ಇಟ್ಟುಕೊಳ್ಳಿ.

ಹಾಗೆಂದು ದಿನವಿಡೀ ನಿಂತಿರಿ ಎಂದಲ್ಲ. ಬಟ್ಟೆ ಅಂಗಡಿಗಳಲ್ಲಿ ಹತ್ತು ಗಂಟೆ ನಿಂತೇ ಇರುವ ಹೆಣ್ಣುಮಕ್ಕಳ ಕಾಲಿನ ನರಗಳು ಉಬ್ಬಿ ಗಂಟಾಗುವುದನ್ನು ಕಂಡವರು ಬಲ್ಲರು. ಕೂರುವ ಹಕ್ಕಿಗಾಗಿ ಆ ಕೆಲಸಗಾರ್ತಿಯರು ಹೋರಾಡಿದ್ದರಿಂದಲೇ 2018ರಲ್ಲಿ ಕೇರಳದ ಅಂಗಡಿ ಕಾನೂನಿಗೆ ತಿದ್ದುಪಡಿ ಬಂತು. ಆ ಹಕ್ಕು ಹಾಗೇ ಉಳಿಯಬೇಕು. ಒಂದೇ ಭಂಗಿಯಲ್ಲಿ ಕಟ್ಟಿಹಾಕುವುದೇ ಕೇಡು; ಕೂತವರಿಗೆ ಏಳಲು, ನಿಂತವರಿಗೆ ಕೂರಲು ಬಿಡುವು ಇರಬೇಕು.

ಊಟದ ನಂತರದ ನಡಿಗೆಗೆ ಬೇರೆಯೇ ಬೆಲೆಯಿದೆ. ಸಕ್ಕರೆ ಕಾಯಿಲೆ ಇರುವವರನ್ನಿಟ್ಟು ನ್ಯೂಜಿಲೆಂಡಿನಲ್ಲಿ ನಡೆಸಿದ 2016ರ ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದದ್ದಕ್ಕಿಂತ ಮೂರೂ ಊಟದ ನಂತರ 10 ನಿಮಿಷ ನಡೆದಾಗ ಸಕ್ಕರೆಯ ಏರಿಕೆ ಸರಾಸರಿ 12 ಶೇಕಡಾ ಕಡಿಮೆಯಾಯಿತು. ರಾತ್ರಿಯೂಟದ ನಂತರವಂತೂ 22 ಶೇಕಡಾ. ಕುಚ್ಚಲಕ್ಕಿಯ ಅನ್ನ ಉಂಡು ನೇರ ಟಿ.ವಿ. ಮುಂದೆ ಕೂರುವ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಮಾತಿದು. ಅಂಗಳದಲ್ಲಿ ಕತ್ತಲೆಯಾದರೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರೂ ನಡಿಗೆಯೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಕಿಸೆಯಲ್ಲಿ ಬೆಲ್ಲದ ತುಂಡೋ ಮಿಠಾಯಿಯೋ ಇಟ್ಟುಕೊಳ್ಳಿ. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ತಿಂದು ಕೂತುಕೊಳ್ಳಿ. ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ನಡೆಯಲೇಬಾರದು.

ಇನ್ನು ಶಾಲೆಗಳು. ಮುಖ್ಯೋಪಾಧ್ಯಾಯರೇ, ನಿಮ್ಮ ಮೇಲಿನ ಒತ್ತಡ ನಮಗೆ ಗೊತ್ತು. ಆದರೂ ಬೆಂಚಿನಲ್ಲಿ, ಬಸ್ಸಿನಲ್ಲಿ, ಟ್ಯೂಷನ್ನಿನಲ್ಲಿ, ಆಮೇಲೆ ಮೊಬೈಲಿನ ಮುಂದೆ ಒಂದು ಮಗು ಎಷ್ಟು ಗಂಟೆ ಕೂರುತ್ತದೆಂದು ಒಮ್ಮೆ ಕೂಡಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ, ಏದುಸಿರು ಬರುವಷ್ಟು ಓಡಾಟ. ವಾರಕ್ಕೆ ಮೂರು ದಿನವಾದರೂ ಎಲುಬು ಮತ್ತು ಸ್ನಾಯು ಗಟ್ಟಿಯಾಗುವಂಥ ಜಿಗಿತ, ಹತ್ತಾಟ. ಜಗತ್ತಿನಲ್ಲಿ 11ರಿಂದ 17ರ ಹರೆಯದವರಲ್ಲಿ ಐವರಲ್ಲಿ ನಾಲ್ವರಿಗೆ ಇದು ಸಿಗುತ್ತಿಲ್ಲ.

ಇದರಿಂದ ಕಳೆದುಹೋಗುವುದು ಮುಂದೆ ದುಡ್ಡು ಕೊಟ್ಟರೂ ಸಿಗದು. ಎಲುಬಿಗೆ ಸುಣ್ಣ ತುಂಬುವ ವೇಗ ಹರೆಯದ ಕೆಲವೇ ವರ್ಷಗಳಲ್ಲಿ ಅತಿ ಹೆಚ್ಚು. ಇಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಉಗ್ರಾಣ ತುಂಬಿ ಮುಗಿದಿರುತ್ತದೆ, ಮತ್ತೆ ಅದರಿಂದ ತೆಗೆದು ಉಣ್ಣುವುದೇ. ಹರೆಯದಲ್ಲಿ ಜಿಗಿಯದೆ ಕೂತ ಹುಡುಗಿಯ ಸೊಂಟದ ಎಲುಬು ಎಪ್ಪತ್ತರಲ್ಲಿ ಬಚ್ಚಲಲ್ಲಿ ಜಾರಿದಾಗ ಲೆಕ್ಕ ಒಪ್ಪಿಸುತ್ತದೆ. ಕಣ್ಣಿನ ವಿಷಯವೂ ಹಾಗೆಯೇ. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು 30.4 ಶೇಕಡಾ. ಹಾಗೆ ಬಿಡದ ಶಾಲೆಗಳಲ್ಲಿ 39.5. ಕನ್ನಡಕದ ಮಕ್ಕಳು ಹೆಚ್ಚುತ್ತಿರುವುದಕ್ಕೆ ಮೊಬೈಲನ್ನು ಮಾತ್ರ ಬಯ್ಯುವ ನಾವು ಬಿಸಿಲನ್ನು ಮರೆತಿದ್ದೇವೆ.

ಆಟದ ಪೀರಿಯಡನ್ನು ಗಣಿತಕ್ಕೆ ಕೊಡಬೇಡಿ, ಇದು ಮೊದಲ ಬಿನ್ನಹ. ಎರಡನೆಯದು ಆಟದ ಸ್ವರೂಪದ್ದು. ಕಬಡ್ಡಿ ಈ ನೆಲದ ಹೆಮ್ಮೆ, ನಿಜ. ಆದರೆ ಅಂಕಣದಲ್ಲಿರುವುದು ಬದಿಗೆ ಏಳು ಮಂದಿ. ಹದಿನಾಲ್ಕು ಮಂದಿ ಆಡಿ, ಇನ್ನೂರು ಮಂದಿ ಸುತ್ತ ಕೂತು ನೋಡಿದರೆ ಅದು ಇನ್ನೂರು ಮಂದಿಗೆ ಇನ್ನೊಂದು ಕೂತ ಪೀರಿಯಡು. ಔಟಾದವನು ಹೊರಗೆ ಕೂರುವ ಆಟಗಳಲ್ಲಿ ಮೊದಲು ಔಟಾಗುವುದು ಓಡಲಾರದ ಮಗುವೇ; ಯಾರಿಗೆ ಓಟ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟಗಳನ್ನು ಎಂಟು ಹತ್ತು ಮಕ್ಕಳ ಗುಂಪು ಮಾಡಿ ಒಂದೇ ಹೊತ್ತಿಗೆ ಆಡಿಸಿ. ಔಟಾದವರು ಹತ್ತು ಸಲ ಜಿಗಿದು ಮತ್ತೆ ಒಳಗೆ ಬರಲಿ. ಮಳೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿಯುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿಗೆ. ಮಳೆಯೆಂದು ಆಟ ಬಿಟ್ಟರೆ ಶಾಲಾ ವರ್ಷದ ಮೂರನೆಯ ಒಂದು ಪಾಲಿಗೂ ಹೆಚ್ಚು ಹೋಯಿತು. ಜಗಲಿಯಲ್ಲಿ ಒಂದೊಂದೇ ತರಗತಿಗೆ ಸರದಿಯಲ್ಲಿ ಹಗ್ಗ ಜಿಗಿಸಬಹುದು. ತರಗತಿಯೊಳಗೆ ಎರಡು ಪೀರಿಯಡಿಗೊಮ್ಮೆ ಮೂರು ನಿಮಿಷ ನಿಂತು ಮಗ್ಗಿ ಹೇಳಿಸಬಹುದು, ಪದ್ಯವನ್ನು ಹೆಜ್ಜೆ ಹಾಕುತ್ತ ಹೇಳಿಸಬಹುದು. ಯಕ್ಷಗಾನದ ತಾಳಕ್ಕೆ ಹೆಜ್ಜೆ ಕಲಿಸಲು ಕುಂಬಳೆ ಸೀಮೆಗಿಂತ ಒಳ್ಳೆಯ ಜಾಗ ಬೇಕೆ?

ಏಳನೆಯ ತರಗತಿ ದಾಟಿದ ಹುಡುಗಿಯರು ಮೈದಾನದಿಂದ ಮಾಯವಾಗುತ್ತಾರೆ. ಕಾರಣ ನಾಚಿಕೆಯೊಂದೇ ಅಲ್ಲ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆಯಿಲ್ಲ, ಮುಟ್ಟಿನ ದಿನಗಳಿಗೆ ನೀರಿರುವ ಶೌಚಾಲಯವಿಲ್ಲ, ಮೈದಾನ ಪೂರ್ತಿ ಹುಡುಗರ ವಶ. ವಾರಕ್ಕೆ ಎರಡು ಸಂಜೆ ಮೈದಾನ ಹುಡುಗಿಯರದ್ದು ಎಂದು ರಕ್ಷಕ ಶಿಕ್ಷಕ ಸಂಘ ಒಂದು ಸಭೆಯಲ್ಲಿ ನಿರ್ಣಯಿಸಿದರೆ ಅದಕ್ಕೆ ಕಾಸಿನ ಖರ್ಚಿಲ್ಲ.

ಅಂಗನವಾಡಿಗಿಂತ ಸಣ್ಣ ಮಕ್ಕಳ ವಿಷಯ ಚಿಕ್ಕದು, ಆದರೆ ಗಟ್ಟಿಯಾಗಿ ಹೇಳಬೇಕಾದ್ದು. ಒಂದು ವರ್ಷದೊಳಗಿನ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಕವುಚಿ ಹಾಕಬೇಕು. ಮೂರು ಮೂರು ನಿಮಿಷದಂತೆ, ಹಾಲು ಕುಡಿದ ಕೂಡಲೇ ಅಲ್ಲ, ದೊಡ್ಡವರು ಎದುರಲ್ಲಿದ್ದಾಗ ಮಾತ್ರ. ನಿದ್ದೆಗೆ ಅಂಗಾತವೇ. ಎತ್ತಿಕೊಂಡೋ ಕಟ್ಟಿಯೋ ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಇಡಬಾರದು. ಎರಡು ವರ್ಷದವರೆಗೆ ಮೊಬೈಲು, ಟಿ.ವಿ. ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ಒಂದು ಗಂಟೆಯೊಳಗೆ. ಮೊಬೈಲು ತೋರಿಸಿ ಉಣಿಸಿದ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ. ಚಕ್ರದ ವಾಕರ್ ಕೊಳ್ಳಬೇಡಿ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಜಗಲಿಯ ಮೆಟ್ಟಿಲಿಂದ ಉರುಳುವುದು ಮಾತ್ರ ಬೇಗ.

ಬಾಣಂತನದ ಬಗ್ಗೆ ಮನೆಯ ಹಿರಿಯ ಹೆಂಗಸರಲ್ಲಿ ಕೈಮುಗಿದು ಒಂದು ವಿನಂತಿ. ಎಣ್ಣೆ, ನೀರು, ಆರೈಕೆ ಎಲ್ಲ ಇರಲಿ, ಆದರೆ ನಲವತ್ತು ದಿನ ಮಂಚ ಬಿಡದಂತೆ ಮಲಗಿಸಬೇಡಿ. ಹೆರಿಗೆಯ ನಂತರದ ಮೊದಲ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹೆಚ್ಚು ರಕ್ತ ಸುರಿಯದಿರಲೆಂದು ಪ್ರಕೃತಿ ಮಾಡಿದ ಏರ್ಪಾಡದು. ಮಲಗಿಯೇ ಇದ್ದರೆ ಕಾಲಿನ ಆಳದ ನಾಳದಲ್ಲಿ ರಕ್ತ ನಿಂತು ಗಟ್ಟಿಯಾಗಬಹುದು, ಆ ತುಣುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಆಪತ್ತು. ಸಹಜ ಹೆರಿಗೆಯಾದವರು ಮರುದಿನದಿಂದಲೇ ಮನೆಯೊಳಗೆ ದಿನಕ್ಕೆ ಐದಾರು ಸಲ, ಒಂದೊಂದು ಸಲ ಐದು ನಿಮಿಷ ನಡೆಯಬಹುದು. ಮಲಗಿದಾಗ ಗಂಟೆಗೊಮ್ಮೆ ಪಾದವನ್ನು 20 ಸಲ ಮೇಲೆ ಕೆಳಗೆ ಮಾಡಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ, ಅದು ರಕ್ತವನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಸಿಸೇರಿಯನ್ ಆದವರು ಎಷ್ಟು ನಡೆಯಬೇಕೆಂದು ವೈದ್ಯರಲ್ಲೇ ಕೇಳಿ. ಏಳಬೇಡಿ ಎಂದು ಅವರೂ ಹೇಳುವುದು ಅಪರೂಪ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಎದೆನೋವು ಅಥವಾ ಉಸಿರು ಕಟ್ಟುವಂತಾದರೆ ಕಾಲು ತಿಕ್ಕುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಅಜ್ಜ ಅಜ್ಜಿಯರ ವಿಷಯದಲ್ಲಿ ನಮ್ಮ ಪ್ರೀತಿಯೇ ಕೆಲವೊಮ್ಮೆ ಕೆಡುಕು ಮಾಡುತ್ತದೆ. "ನೀವು ಏಳಬೇಡಿ ಅಜ್ಜ, ನಾವು ತಂದುಕೊಡುತ್ತೇವೆ" ಎಂದು ಚಾವಡಿಯ ಕುರ್ಚಿಗೆ ನೀರು, ತಟ್ಟೆ, ರಿಮೋಟು ಎಲ್ಲ ತಂದುಕೊಟ್ಟರೆ ಅವರ ತೊಡೆಯ ಸ್ನಾಯು ತಿಂಗಳು ತಿಂಗಳಿಗೆ ಕರಗುತ್ತದೆ. ಆರೋಗ್ಯವಾಗಿದ್ದ ವೃದ್ಧರನ್ನು ಬರೇ 10 ದಿನ ಹಾಸಿಗೆಯಲ್ಲಿರಿಸಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳ ಸ್ನಾಯುಭಾಗ ಹತ್ತಿರಹತ್ತಿರ ಒಂದು ಕಿಲೋ ಕಡಿಮೆಯಾಯಿತು. 1966ರಲ್ಲಿ ಅಮೆರಿಕದ ಡಲ್ಲಸ್ ನಗರದಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಮಲಗಿಸಿದ್ದರು. ಅವರನ್ನೇ 30 ವರ್ಷದ ನಂತರ ಪರೀಕ್ಷಿಸಿದಾಗ, ಆ ಮೂರು ವಾರ ಅವರ ಶ್ರಮಶಕ್ತಿಯನ್ನು ತಗ್ಗಿಸಿದಷ್ಟು ಮೂವತ್ತು ವರ್ಷದ ವಯಸ್ಸೂ ತಗ್ಗಿಸಿರಲಿಲ್ಲ. ದೇಶದಲ್ಲಿ ಅರುವತ್ತು ದಾಟಿದವರ ಪಾಲು ಅತಿ ಹೆಚ್ಚಿರುವುದು ಕೇರಳದಲ್ಲಿ, 2021ರಲ್ಲಿ 16.5 ಶೇಕಡಾ. ಆದ್ದರಿಂದ ಇದು ಮನೆಮನೆಯ ಮಾತು.

ಕಾಲಿನ ಬಲ ಅಳೆಯಲು ಒಂದು ಕುರ್ಚಿ ಸಾಕು. ಕೈಯಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. 70ರಿಂದ 74ರ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು. 80ರಿಂದ 84ರವರಿಗೆ ಈ ಗಡಿ 10 ಮತ್ತು 9. ಕೈ ಊರದೆ ಏಳಲಾಗದಿದ್ದರೆ ಅಂಕ ಸೊನ್ನೆ. ಪರೀಕ್ಷೆಯೇ ಔಷಧಿ ಕೂಡ: ಏಳುವುದು ಕೂರುವುದನ್ನು ಎಂಟೆಂಟರಂತೆ ದಿನಕ್ಕೆ ಮೂರು ಹೊತ್ತು ಮಾಡಿ, ಮೊದಲು ಕೈ ಊರಿ, ಆಮೇಲೆ ಒಂದೇ ಕೈ, ಆಮೇಲೆ ಕೈ ಬಿಟ್ಟು. ಬೇಗ ಏಳುವುದಕ್ಕಿಂತ ಮೂರು ಎಣಿಸುತ್ತ ಮೆಲ್ಲ ಕೂರುವುದರಲ್ಲೇ ತೊಡೆಗೆ ಹೆಚ್ಚು ಕೆಲಸ. ಜೊತೆಗೆ ಕಿಟಕಿಯ ಸರಳು ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು 10 ಸೆಕೆಂಡು ನಿಲ್ಲುವುದು. ಇಂಥ ಸಮತೋಲದ ಅಭ್ಯಾಸ 65 ದಾಟಿದವರಿಗೆ ವಾರಕ್ಕೆ ಮೂರು ದಿನ ಬೇಕು.

ಎಡವುವುದು ಎಲ್ಲಿ ಎಂದೂ ಹೇಳಬೇಕು. ಟೈಲ್ಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಅದಕ್ಕೇ ಗೋಡೆ. ಪಂಚೆ ಪಾದಕ್ಕೆ ತೊಡರುತ್ತದೆ, ಎತ್ತಿ ಕಟ್ಟಲಿ. ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರು ಹಾಸಿಗೆಯಿಂದ ಒಮ್ಮೆಗೇ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಿ ಏಳಲಿ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು ಅಜ್ಜಿಯ ಕೆಲಸವಲ್ಲ, ಮೊಮ್ಮಕ್ಕಳದು.

ಗಾಲಿಕುರ್ಚಿಯಲ್ಲೇ ದಿನ ಕಳೆಯಬೇಕಾದವರನ್ನು ಈ ಪತ್ರ ಮರೆತಿಲ್ಲ. ಎಂಡೋಸಲ್ಫಾನ್ ಕೀಟನಾಶಕ ಬಾಧಿಸಿದ ನಮ್ಮ ಪಂಚಾಯತುಗಳಲ್ಲಿ ಅಂಥ ಮಕ್ಕಳೂ ತರುಣರೂ ಇದ್ದಾರೆ. ಅವರಿಗೆ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸುವುದು, ಅಂದರೆ ಮುಂದಕ್ಕೆ ಬಾಗಿಸುವುದು, ಒಂದು ಬದಿಗೆ ವಾಲಿಸುವುದು, ಚರ್ಮ ಉಳಿಸುವ ಕೆಲಸ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಭಿನ್ನಸಾಮರ್ಥ್ಯದ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳಲ್ಲಿ ಮಕ್ಕಳನ್ನು ನಿಲ್ಲಿಸುವ ಚೌಕಟ್ಟು ಮೂಲೆಯಲ್ಲಿ ಧೂಳು ತಿನ್ನದಂತೆ, ಫಿಸಿಯೋಥೆರಪಿಸ್ಟರು ನಿಗದಿತ ದಿನ ಬರುವಂತೆ ನೋಡಿಕೊಳ್ಳುವುದು ಪಂಚಾಯತಿನ ಹೊಣೆ. ತಾಯಂದಿರ ಮೇಲೆ ಮಾತ್ರ ಅದನ್ನು ಹೊರಿಸಬಾರದು.

ಪಂಚಾಯತು ಅಧ್ಯಕ್ಷರೇ, ಸದಸ್ಯರೇ, ಇಷ್ಟು ಹೊತ್ತು ಹೇಳಿದ್ದರಲ್ಲಿ ಬಹಳಷ್ಟನ್ನು ಜನ ತಾವೇ ಮಾಡಬಲ್ಲರು. ಆದರೆ ನಡೆಯಿರಿ ಎಂದು ಹೇಳುವ ಮೊದಲು ನಡೆಯಲು ಜಾಗ ಬೇಕು, ಅದು ನಿಮ್ಮ ಕೈಯಲ್ಲಿದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಎದುರಿನ ಅಂಗಡಿಗೆ ಹೋಗಲೂ ಅಂಡರ್‌ಪಾಸಿನವರೆಗೆ ಸುತ್ತಬೇಕಾದ ಕಡೆಗಳಿವೆ. ವಯಸ್ಸಾದವರು ಹೊರಡುವುದನ್ನೇ ಬಿಡುತ್ತಾರೆ, ಮಕ್ಕಳನ್ನು ನಡೆಸಿ ಕಳಿಸಲು ತಾಯಂದಿರು ಹೆದರುತ್ತಾರೆ. ಎಲ್ಲೆಲ್ಲಿ ಕಾಲ್ನಡಿಗೆಯವರಿಗೆ ದಾಟು ಬೇಕು ಎಂದು ವಾರ್ಡುವಾರು ಪಟ್ಟಿ ಮಾಡಿ, ನಿರ್ಣಯದೊಂದಿಗೆ ಹೆದ್ದಾರಿ ಪ್ರಾಧಿಕಾರಕ್ಕೆ ಕಳಿಸಿ. ಒಳರಸ್ತೆಗಳಲ್ಲಿ 200 ಮೀಟರಿಗೊಂದು ಕೂರುವ ಕಟ್ಟೆ ಇರಲಿ. ನಡುವೆ ಕೂರಲು ಜಾಗವಿದೆಯೆಂದು ಗೊತ್ತಿದ್ದರೆ ಮಾತ್ರ ಮೊಣಕಾಲು ನೋವಿನ ಅಜ್ಜಿ ಮನೆ ಬಿಟ್ಟು ಹೊರಡುತ್ತಾರೆ. ಸಂಜೆ ನಡೆಯದಿರಲು ಹೆಂಗಸರು ಹೇಳುವ ಎರಡು ಕಾರಣ ಬೀದಿನಾಯಿ ಮತ್ತು ಕತ್ತಲೆ. ಎರಡಕ್ಕೂ ಪಂಚಾಯತಿನ ಬಳಿ ಅಧಿಕಾರವಿದೆ.

ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲೆಗೆ ಆಟದ ಬಯಲು ಇರಲೇಬೇಕು. ಆ ಬಯಲನ್ನು ಸಂಜೆ 5ರಿಂದ 7ರವರೆಗೆ ಊರವರಿಗೆ ತೆರೆಯಿರಿ, ಬೀಗದ ಕೈಯ ಹೊಣೆ ಒಂದು ಕುಟುಂಬಶ್ರೀ ಘಟಕಕ್ಕೆ ಇರಲಿ. ಮಳೆಗಾಲದಲ್ಲಿ ಪಂಚಾಯತಿನ ಸಭಾಭವನ ಮದುವೆಯಿಲ್ಲದ ದಿನಗಳಲ್ಲಿ ಖಾಲಿ ಬಿದ್ದಿರುತ್ತದೆ, ಹಿರಿಯರ ನಡಿಗೆಗೆ ಬೆಳಗ್ಗೆ ಒಂದು ಗಂಟೆ ಬಿಡಿ. ಬೀಡಿ ಬ್ರಾಂಚುಗಳ ಗೋಡೆಯಲ್ಲಿ, ಅಂಗನವಾಡಿಯಲ್ಲಿ, ಕುಟುಂಬ ಆರೋಗ್ಯ ಕೇಂದ್ರದ ಚೀಟಿ ಕೊಡುವಲ್ಲಿ ಒಂದೊಂದು ಹಾಳೆ ಅಂಟಿಸಿ, ಕನ್ನಡದಲ್ಲೂ ಮಲಯಾಳದಲ್ಲೂ. ಮಲಯಾಳದಲ್ಲಿ ಮಾತ್ರ ಬಂದ ಆರೋಗ್ಯ ಸೂಚನೆ ವರ್ಕಾಡಿಯ, ಪೈವಳಿಕೆಯ, ಎಣ್ಮಕಜೆಯ ಅಜ್ಜಿಗೆ ಚಿತ್ರದ ಕಾಗದ ಅಷ್ಟೆ. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ತಿಳಿಸಬೇಕೆಂಬ ಮಾತು ಆರೋಗ್ಯಕ್ಕಲ್ಲದೆ ಇನ್ನಾವುದಕ್ಕೆ?

ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ಒಂದು ಸಾಲು ಕೊಡಿ. ಆ ದಿನ ಪ್ರತಿ ವಾರ್ಡಿನಲ್ಲಿ ಆಶಾ ಕಾರ್ಯಕರ್ತೆಯರ ನೆರವಿನಿಂದ 65 ದಾಟಿದವರ ಕುರ್ಚಿ ಪರೀಕ್ಷೆ ಮಾಡಿಸಿ, ಹೆಸರಿಲ್ಲದೆ ಅಂಕ ಮಾತ್ರ ಬರೆದಿಡಿ. ಆರು ತಿಂಗಳ ನಂತರದ ಸಭೆಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿ. ಕಟ್ಟೆ, ದೀಪ, ಬಯಲು ಇವುಗಳಿಗೆ ಯೋಜನಾ ನಿಧಿಯಿಂದ ಎಷ್ಟು ಇಡಬೇಕೆಂದು ಆರೋಗ್ಯ ಕಾರ್ಯಗುಂಪು ನಿರ್ಣಯಿಸಲು ಆ ಎರಡು ಅಂಕಿಗಳು ಸಾಕು. ಸಭೆ ಎರಡು ಗಂಟೆ ನಡೆಯುವುದಾದರೆ ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ. ಮೊದಲು ವೇದಿಕೆಯ ಮೇಲಿದ್ದವರು ಏಳಲಿ.

ಇತಿ ನಿಮ್ಮ ವಿಶ್ವಾಸಿಗಳು,
ಗಡಿನಾಡಿನ ಕೆಲವು ಫಿಸಿಯೋಥೆರಪಿಸ್ಟರು, ದೈಹಿಕ ಶಿಕ್ಷಣ ಅಧ್ಯಾಪಕರು ಮತ್ತು ಸಮುದಾಯ ಆರೋಗ್ಯ ಕಾರ್ಯಕರ್ತರು